“ಇದು ನಾರ್ಮಲ್ ಸಾರ್”: ಡ್ಯುಯಲ್ ಕ್ಲಚ್ ಆಟೋಮ್ಯಾಟಿಕ್ ಜೊತೆ ಮೂರೂವರೆ ವರ್ಷ

ಸೀಟು, ಮೈಲೇಜು, ಡಿಕ್ಕಿ ಜಾಗದ ಬಗ್ಗೆ ಬೇಕಾದಷ್ಟು ಜನ ಬರೆದಿದ್ದಾರೆ, ಓದಿಕೊಳ್ಳಿ. ನನ್ನ ತಕರಾರು ಇರುವುದು ಒಂದರಿಂದ ಎರಡನೇ ಗೇರಿಗೆ ಹೋಗುವಾಗಿನ ಆ ಅರ್ಧ ಸೆಕೆಂಡಿನ ಬಗ್ಗೆ.

ಮೊದಲ ಎರಡು ವರ್ಷ ಸುಖವಾಗಿತ್ತು. ಹೈವೇಯಲ್ಲಿ ಗೇರ್ ಬದಲಾದದ್ದು ಮೀಟರ್ ಮುಳ್ಳು ನೋಡಿದರೆ ಮಾತ್ರ ಗೊತ್ತಾಗುತ್ತಿತ್ತು. ಈ ಗೇರ್‌ಬಾಕ್ಸ್‌ನಲ್ಲಿ ಎರಡು ಕ್ಲಚ್. 1, 3, 5, 7ನೇ ಗೇರು ಒಂದು ಕ್ಲಚ್ಚಿನ ಪಾಲು, 2, 4, 6 ಇನ್ನೊಂದರ ಪಾಲು. ಒಂದು ಬಿಡುವಷ್ಟರಲ್ಲಿ ಇನ್ನೊಂದು ಹಿಡಿದಿರುತ್ತದೆ. ಆ ಆಸೆಗೇ ಇದನ್ನು ತೆಗೆದುಕೊಂಡದ್ದು. ಮೂರನೇ ವರ್ಷ ನಡುಕ ಶುರುವಾಯಿತು. ಟ್ರಾಫಿಕ್‌ನಲ್ಲಿ ಬ್ರೇಕ್ ಬಿಟ್ಟರೆ ಚಳಿಜ್ವರ ಬಂದವರ ಹಾಗೆ ಇಡೀ ಕಾರು ಗಡಗಡ. ಒಮ್ಮೊಮ್ಮೆ ಹಿಂದಿನಿಂದ ಯಾರೋ ಗುದ್ದಿದರೇನೋ ಅಂತ ಕನ್ನಡಿ ನೋಡಿದ್ದೂ ಇದೆ.

ಸರ್ವಿಸ್ ಸೆಂಟರ್‌ಗೆ ಹೋದೆ. ಅಡ್ವೈಸರ್ ಒಂದು ಸುತ್ತು ಓಡಿಸಿ ಬಂದರು. “ಏನೂ ಇಲ್ಲ ಸಾರ್. ಈ ಗೇರ್‌ಬಾಕ್ಸ್ ಇರೋದೇ ಹೀಗೆ. ನಾರ್ಮಲ್.” ಎರಡನೇ ಸಲ ಸಾಫ್ಟ್‌ವೇರ್ ಅಪ್‌ಡೇಟ್ ಮಾಡಿದರು. ಹದಿನೈದು ದಿನ ಚೆನ್ನಾಗಿತ್ತು. ಮೂರನೇ ಸಲ, “ಸ್ಕ್ಯಾನರ್‌ನಲ್ಲಿ ಫಾಲ್ಟ್ ಕೋಡೇ ಇಲ್ಲ ಸಾರ್. ನೀವು ಓಡಿಸೋ ರೀತಿ ಸ್ವಲ್ಪ...” ಅಂತ ನಿಲ್ಲಿಸಿದರು. ಇಪ್ಪತ್ತು ವರ್ಷದಿಂದ ಓಡಿಸುತ್ತಿದ್ದೇನೆ ಕಣ್ರೀ!

ಈ ‘ಓಡಿಸೋ ರೀತಿ’ಗೆ ದೊಡ್ಡ ಇತಿಹಾಸವೇ ಇದೆ. ಆಸ್ಟ್ರೇಲಿಯಾದಲ್ಲಿ ಫೋರ್ಡ್‌ನ ‘ಪವರ್‌ಶಿಫ್ಟ್’ ಅನ್ನೋ ಡ್ಯುಯಲ್ ಕ್ಲಚ್ ಗೇರ್‌ಬಾಕ್ಸ್ ಇದ್ದ ಕಾರುಗಳ ನಡುಕಕ್ಕೂ ಗ್ರಾಹಕರಿಗೆ ಎಷ್ಟೋ ಸಲ ಇದೇ ಉತ್ತರ ಸಿಕ್ಕಿತ್ತು. ದೂರುಗಳನ್ನು ಹಾಗೆ ನಿಭಾಯಿಸಿದ್ದಕ್ಕೆ 2018ರಲ್ಲಿ ಅಲ್ಲಿನ ಫೆಡರಲ್ ಕೋರ್ಟ್ ಕಂಪನಿಗೆ 1 ಕೋಟಿ ಆಸ್ಟ್ರೇಲಿಯನ್ ಡಾಲರ್ ದಂಡ ಹಾಕಿತು. ನನ್ನದು ಆ ಕಾರಲ್ಲ, ಮಾತು ಮಾತ್ರ ಅದೇ.

ಸರ್ವಿಸ್ ಸೆಂಟರ್‌ನವರಿಗೆ ನಡುಕ ಸಿಗದಿದ್ದದ್ದು ಯಾಕೆ ಅಂತ ನನಗೆ ಹೊಳೆದದ್ದು ತಡವಾಗಿ. ನನ್ನ ಗೇರ್‌ಬಾಕ್ಸ್‌ನದು ಡ್ರೈ ಕ್ಲಚ್. ತಣ್ಣಗಿಡಲು ಸುತ್ತ ಎಣ್ಣೆ ಇಲ್ಲ. ಇಂಚಿಂಚು ತೆವಳಿದಷ್ಟೂ ಜಾರಿ ಜಾರಿ ಕಾಯುತ್ತದೆ, ಕಾದ ಮೇಲೆ ನಡುಗುತ್ತದೆ. ನಾನು ಬೆಳಿಗ್ಗೆ ಬಿಟ್ಟು ಹೋದ ಕಾರನ್ನು ಇವರು ಮಧ್ಯಾಹ್ನ, ಪೂರ್ತಿ ತಣ್ಣಗಾದ ಮೇಲೆ ಓಡಿಸುತ್ತಿದ್ದರು! ಇನ್ನೇನು ಸಿಗುತ್ತೆ?

ನಾಲ್ಕನೇ ಸಲ ನಲವತ್ತು ನಿಮಿಷ ಟ್ರಾಫಿಕ್‌ನಲ್ಲಿ ಒದ್ದಾಡಿ ನೇರ ಅಲ್ಲಿಗೆ ಹೋದೆ. ಎಂಜಿನ್ ಆಫ್ ಮಾಡಲೇ ಇಲ್ಲ. “ಯಾರಾದರೂ ಈಗಲೇ ಪಕ್ಕ ಕೂತ್ಕೊಳ್ಳಿ” ಅಂದೆ. ಹಿರಿಯ ಮೆಕ್ಯಾನಿಕ್ ಒಬ್ಬರು ಕೈ ಒರೆಸಿಕೊಂಡು ಬಂದು ಕೂತರು. ಎರಡು ಸಿಗ್ನಲ್ ದಾಟಿಲ್ಲ, “ಕ್ಲಚ್ ಹೋಗಿದೆ ಸಾರ್, ವಾಪಸ್ ತಿರುಗಿಸಿ” ಅಂದರು. ಅಷ್ಟು ತಿಂಗಳ ಸಿಟ್ಟು ಅರ್ಧ ಅಲ್ಲೇ ಇಳಿಯಿತು. ನನ್ನ ಮಾತನ್ನು ಒಬ್ಬರಾದರೂ ನಂಬಿದರಲ್ಲ.

ಉಳಿದರ್ಧ ಬಿಲ್ಲಿನ ಹೊತ್ತಿಗೆ ಮತ್ತೆ ಏರಿತು. ಅಷ್ಟರಲ್ಲಿ ವಾರಂಟಿ ಮುಗಿದಿತ್ತು. ಮೊದಲು ದೂರು ಕೊಟ್ಟಾಗ ವಾರಂಟಿ ಇತ್ತಲ್ಲ ಅಂತ ಹಳೆಯ ಜಾಬ್ ಕಾರ್ಡ್ ತೆಗೆದರೆ, ಅದರಲ್ಲಿ ಬರೆದದ್ದು ಬರೀ ‘ಜನರಲ್ ಚೆಕಪ್’. ನೋಡದೆ ಸಹಿ ಹಾಕಿದ್ದೆ. ಪುಣ್ಯಕ್ಕೆ ಎರಡನೆಯದರಲ್ಲಿ ‘1-2 ಗೇರ್, ನಡುಕ’ ಅಂತ ಹಟ ಮಾಡಿ ಬರೆಸಿದ್ದೆ, ಆಗಿನ್ನೂ ವಾರಂಟಿ ಇತ್ತು. “ಕ್ಲಚ್ ವೇರ್ ಅಂಡ್ ಟೇರ್ ಸಾರ್, ವಾರಂಟಿಗೆ ಬರಲ್ಲ” ಅಂದವರು, ಆ ಒಂದು ಸಾಲು ತೋರಿಸಿ ಮೂರು ವಾರ ಮೇಲ್ ಮೇಲೆ ಮೇಲ್ ಹಾಕಿದ ಮೇಲೆ ಕ್ಲಚ್ಚಿನ ಖರ್ಚು ಕಂಪನಿಯದು, ಲೇಬರ್ ನನ್ನದು ಅಂತ ಒಪ್ಪಿದರು. ನ್ಯಾಯ ಅಂತೇನೂ ಅನಿಸಲಿಲ್ಲ. ಸಾಕಾಗಿತ್ತು, ಕಟ್ಟಿದೆ.

ಹೊಸ ಕ್ಲಚ್ ಹಾಕಿ ನಾಲ್ಕು ತಿಂಗಳಾಯಿತು. ಈಗ ಬೇಸ್‌ಮೆಂಟ್ ರ‍್ಯಾಂಪ್ ಪೂರ್ತಿ ಖಾಲಿಯಾಗುವ ತನಕ ಕೆಳಗೇ ಕಾದು, ಒಂದೇ ಉಸಿರಿಗೆ ಹತ್ತಿಸುತ್ತೇನೆ. ಏರಿನಲ್ಲಿ ಆಕ್ಸಿಲರೇಟರ್ ಒತ್ತಿ ಕಾರು ನಿಲ್ಲಿಸಿಕೊಳ್ಳುವ ಚಾಳಿ ಬಿಟ್ಟಿದ್ದೇನೆ, ಬ್ರೇಕೇ. ಟ್ರಾಫಿಕ್‌ನಲ್ಲಿ ಮುಂದೆ ಎರಡು ಕಾರಿನಷ್ಟು ಜಾಗವಾಗುವ ತನಕ ಅಲುಗಾಡುವುದಿಲ್ಲ. ಹಿಂದಿನವರು ಹಾರನ್ ಹೊಡೆಯುತ್ತಾರೆ, ಹೊಡೆಯಲಿ.

ಹೈವೇ ಓಡಾಟವೇ ಜಾಸ್ತಿ ಇರುವವರು ಕಣ್ಣು ಮುಚ್ಚಿ ತೆಗೆದುಕೊಳ್ಳಿ. ದಿನಾ ಸಿಗ್ನಲ್‌ನಿಂದ ಸಿಗ್ನಲ್‌ಗೆ ತೆವಳುವವರು ಟಾರ್ಕ್ ಕನ್ವರ್ಟರ್ (ಹೊರಡುವಾಗ ಕ್ಲಚ್ ಬದಲು ಎಣ್ಣೆಯ ಮೂಲಕ ಎಂಜಿನ್ ಶಕ್ತಿ ದಾಟಿಸುವ ಆಟೋಮ್ಯಾಟಿಕ್) ಇರುವುದನ್ನು ನೋಡಿ, ನನ್ನ ಮುಂದಿನ ಕಾರು ಅದೇ. ಮೊನ್ನೆ ಎರಡನೇ ಗೇರಿನಲ್ಲಿ ಸಣ್ಣಗೆ ಏನೋ ಅದುರಿದ ಹಾಗಾಯಿತು. ರಸ್ತೆಯದೇ ಇರಬೇಕು.