ಅರವತ್ತು ದಾಟಿದ ಮೇಲೆ ತೂಕ ಇಳಿಸುವ ಶಸ್ತ್ರಚಿಕಿತ್ಸೆ: ಬೆಂಗಳೂರಿನ ಆಸ್ಪತ್ರೆಯೊಂದರ ಸಮಾಲೋಚನೆ ಹೇಗಿತ್ತು

ಮೊಣಕಾಲಿನ ಕೀಲು ಬದಲಿಸುವ ಮುನ್ನ ತೂಕ ಇಳಿಸಬೇಕೆಂದು ಮಂಡ್ಯದ ಮೂಳೆ ವೈದ್ಯರು ಹೇಳಿದ್ದರಿಂದ, 64 ವರ್ಷದ ನಮ್ಮ ಅತ್ತಿಗೆಯವರನ್ನು ಬೆಂಗಳೂರಿನ ಖಾಸಗಿ ಆಸ್ಪತ್ರೆಯೊಂದರ ಬೇರಿಯಾಟ್ರಿಕ್ (ತೂಕ ಇಳಿಸುವ ಶಸ್ತ್ರಚಿಕಿತ್ಸೆಯ) ವಿಭಾಗಕ್ಕೆ ಕರೆದೊಯ್ದಿದ್ದೆವು. ಶಸ್ತ್ರಚಿಕಿತ್ಸೆ ಇನ್ನೂ ಆಗಿಲ್ಲ. ಈ ವಿಮರ್ಶೆ ಸಮಾಲೋಚನೆ ಮತ್ತು ತಪಾಸಣೆಗಳಿಗಷ್ಟೇ ಸಂಬಂಧಿಸಿದ್ದು.

ವೈದ್ಯರ ಬಗ್ಗೆ ಎರಡು ಮಾತಿಲ್ಲ. "ಈ ವಯಸ್ಸಲ್ಲಿ ನನಗೆ ಇದೆಲ್ಲ ಬೇಕಾ ಡಾಕ್ಟ್ರೇ?" ಎಂದು ಅತ್ತಿಗೆ ಕೇಳಿದಾಗ, ಅವರು ಮೊದಲು ಕೈ ಊರದೆ ಕುರ್ಚಿಯಿಂದ ಐದು ಸಲ ಎದ್ದು ಕೂರಲು ಹೇಳಿದರು. ಮೂರನೆಯ ಸಲಕ್ಕೇ ಅತ್ತಿಗೆಯ ಕೈ ತಾನಾಗಿ ಕುರ್ಚಿಯ ತೋಳಿಗೆ ಹೋಯಿತು. ಮಾರ್ಗಸೂಚಿಗಳಲ್ಲಿ ಗರಿಷ್ಠ ವಯಸ್ಸೆಂಬುದಿಲ್ಲ, ಆದರೆ ಶಸ್ತ್ರಚಿಕಿತ್ಸೆಯ ನಂತರ ಕೊಬ್ಬಿನ ಜೊತೆಗೆ ಸ್ನಾಯುವೂ ಕರಗುವುದರಿಂದ, ಮೊದಲೇ ತೊಡೆಗಳಲ್ಲಿ ಬಲವಿಲ್ಲದವರು ತೂಕ ಇಳಿದರೂ ಇನ್ನಷ್ಟು ನಿಶ್ಶಕ್ತರಾಗಬಹುದು ಎಂದು ವಿವರಿಸಿ, ಮೊದಲು ಫಿಸಿಯೋಥೆರಪಿ ಮಾಡಿಸಲು ಬರೆದುಕೊಟ್ಟರು.

ಸ್ಲೀವ್ ಎಂಬ ಶಸ್ತ್ರಚಿಕಿತ್ಸಾ ವಿಧಾನದಲ್ಲಿ ಜಠರದ ಮುಕ್ಕಾಲು ಭಾಗಕ್ಕೂ ಹೆಚ್ಚನ್ನು ಕತ್ತರಿಸಿ ತೆಗೆಯುತ್ತಾರೆ; ಎದೆಯುರಿ ಇರುವವರಿಗೆ ಅದು ಉಲ್ಬಣಿಸಬಹುದು. ಅತ್ತಿಗೆಗೆ ಎದೆಯುರಿ ಹಳೆಯದು. ಹಾಗೆಂದು ಜಠರದ ಮೇಲ್ಭಾಗದ ಚಿಕ್ಕ ಚೀಲಕ್ಕೆ ಕರುಳನ್ನು ಜೋಡಿಸುವ ಬೈಪಾಸ್ ಮಾಡಿಸಿಕೊಂಡರೆ, ಮೊಣಕಾಲು ನೋವಿಗೆ ಅವರು ನುಂಗುವ ಐಬುಪ್ರೊಫೇನ್, ಡೈಕ್ಲೋಫೆನಾಕ್‌ನಂಥ ಮಾತ್ರೆಗಳಿಂದ ಕರುಳು ಜೋಡಿಸಿದ ಜಾಗದಲ್ಲಿ ಹುಣ್ಣಾಗುವ ಅಪಾಯವಿರುವುದರಿಂದ ಅವನ್ನು ಬಿಡಲೇಬೇಕು. ಅವರ ಔಷಧಿ ಡಬ್ಬಿಯನ್ನು ಮೇಜಿನ ಮೇಲೆ ಸುರಿದು ಒಂದೊಂದೇ ಮಾತ್ರೆ ಹಾಳೆಯನ್ನು ನೋಡಿದ ವೈದ್ಯರನ್ನು ನಾನು ಕಂಡದ್ದು ಇಲ್ಲೇ. ತೂಕ ಇಳಿಸುವ ಸೆಮಾಗ್ಲುಟೈಡ್, ಟಿರ್ಜೆಪಟೈಡ್ ಚುಚ್ಚುಮದ್ದುಗಳ ವಿಷಯವನ್ನೂ ನಾವು ಕೇಳುವ ಮುಂಚೆಯೇ ಅವರೇ ಪ್ರಸ್ತಾಪಿಸಿದರು.

ಆಹಾರತಜ್ಞೆಯವರು ಮಾತ್ರ ನಮ್ಮ ಸೀಮೆಯ ಊಟವನ್ನು ಚೆನ್ನಾಗಿ ಬಲ್ಲವರು. ಮುದ್ದೆಯನ್ನು ಅಗಿಯದೆ ನುಂಗುವ ಅಭ್ಯಾಸ ಇನ್ನು ನಡೆಯುವುದಿಲ್ಲ, ಪ್ರತಿ ತುತ್ತನ್ನೂ ನುಣ್ಣಗೆ ಅಗಿಯಬೇಕು, ಊಟದ ಜೊತೆ ನೀರು ಕುಡಿಯಬಾರದು ಎಂದಾಗ ಅತ್ತಿಗೆಯ ಮುಖ ಬಾಡಿತು. ಅಗಿದು ತಿನ್ನುವ ಮುದ್ದೆ ಯಾವ ಮುದ್ದೆ ಎಂಬುದು ಅವರ ವಾದ. ದಿನಕ್ಕೆ ಕನಿಷ್ಠ 60 ಗ್ರಾಂ ಪ್ರೋಟೀನ್ ಬೇಕು, ಸಾರಿನ ತಿಳಿಯಿಂದ ಅದು ಸಿಗದು, ಬಿ12, ಕಬ್ಬಿಣ, ಕ್ಯಾಲ್ಸಿಯಂ, ವಿಟಮಿನ್ ಡಿ ಮಾತ್ರೆಗಳು ಬದುಕಿರುವವರೆಗೂ ತಪ್ಪುವುದಿಲ್ಲ ಎಂಬುದನ್ನು ಅವರು ಕನ್ನಡದಲ್ಲೇ ಬರೆದುಕೊಟ್ಟರು.

ಕೆಟ್ಟ ಅನುಭವವಾದದ್ದು ಪ್ಯಾಕೇಜ್ ವಿವರಿಸುವ ಕೌಂಟರಿನಲ್ಲಿ. ವೈದ್ಯರು ಕಾಯಿರಿ ಎಂದಿದ್ದರೂ, ಈ ತಿಂಗಳೇ ಮುಂಗಡ ಕಟ್ಟಿದರೆ ರಿಯಾಯಿತಿ ಎಂದು ಅಲ್ಲಿನ ಹುಡುಗ ಬೆನ್ನುಬಿದ್ದ. ಶಸ್ತ್ರಚಿಕಿತ್ಸೆಯೇನು ದೀಪಾವಳಿ ಸೀರೆಯೇ? ವಿಮೆ ಪೂರ್ತಿ ಸಿಗುತ್ತದೆ ಎಂದೂ ಭರವಸೆ ಕೊಟ್ಟ. ವಿಮಾ ಪಾಲಿಸಿಗಳ ಸಾಮಾನ್ಯ ಷರತ್ತಿನಂತೆ ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಅಳತೆ) ಕನಿಷ್ಠ 40 ಇರಬೇಕು, ಇಲ್ಲವೇ ಕನಿಷ್ಠ 35ರ ಜೊತೆಗೆ ಹತೋಟಿಗೆ ಬಾರದ ಮಧುಮೇಹ, ಹೃದ್ರೋಗ, ತೀವ್ರವಾದ ನಿದ್ರಾ ಉಸಿರುಗಟ್ಟುವಿಕೆಯಂಥ ಕಾಯಿಲೆ ಇರಬೇಕು. 152 ಸೆಂ.ಮೀ. ಎತ್ತರ, 88 ಕೆ.ಜಿ. ತೂಕದ ಅತ್ತಿಗೆಯ ಬಿಎಂಐ 38. ಅವರ ಸಕ್ಕರೆ ಕಾಯಿಲೆ ಹತೋಟಿಯಲ್ಲಿಲ್ಲ ಎಂಬುದಕ್ಕೆ ದಾಖಲೆ ಒದಗಿಸಿದರೆ ಮಾತ್ರ ವಿಮೆಯ ಅರ್ಜಿ ಊರ್ಜಿತವಾಗುತ್ತದೆ. ಪಾಲಿಸಿ ಕೊಂಡ ಮೇಲೆ ಇಂಥ ಚಿಕಿತ್ಸೆಗೆ ಹಣ ಸಿಗಲು ಕಾಯಬೇಕಾದ ಅವಧಿಯ ಬಗ್ಗೆ ಅವನು ಬಾಯಿಯೇ ಬಿಡಲಿಲ್ಲ.

ವೈದ್ಯರಿಗೂ ಆಹಾರತಜ್ಞೆಗೂ ಐದಕ್ಕೆ ಐದು, ಕೌಂಟರಿಗೆ ಒಂದು. ಹೋಗುವವರು ನುಂಗುತ್ತಿರುವ ಎಲ್ಲ ಮಾತ್ರೆಗಳನ್ನೂ ಹಳೆಯ ಸಕ್ಕರೆ ವರದಿಗಳನ್ನೂ ಒಯ್ಯಿರಿ. ಹಣದ ವಿಷಯವನ್ನು ವಿಮಾ ಕಂಪನಿಯಿಂದಲೇ ಲಿಖಿತವಾಗಿ ತಿಳಿದುಕೊಳ್ಳುವವರೆಗೆ ಮುಂಗಡ ಕಟ್ಟಬೇಡಿ.