ಒಂದೇ ಸೈಕಲ್, ಎರಡು ಅಂಗಡಿ: ಶೋರೂಮಿನ ಸರ್ವೀಸು ಮತ್ತು ಗಲ್ಲಿಯ ರಿಪೇರಿ

ಆರು ವರ್ಷಗಳಿಂದ ನಾನು ಮೈಸೂರಿನಲ್ಲಿ ಏಳು ಗೇರಿನ ಸೈಕಲ್ಲೊಂದನ್ನು ದಿನವೂ ಬಳಸುತ್ತಿದ್ದು, ವಾರಕ್ಕೊಮ್ಮೆ ಚಾಮುಂಡಿ ಬೆಟ್ಟವನ್ನೂ ಅದರಲ್ಲೇ ಹತ್ತುತ್ತೇನೆ. ಈಚೆಗೆ ಏರಿನಲ್ಲಿ ಚೈನು ಹಾರತೊಡಗಿತು; ಹಿಂದಿನ ಚಕ್ರವೂ ಔಟ್ ಆಗಿ, ಅಂದರೆ ರಿಮ್ಮು ಒಂದು ಬದಿಗೆ ವಾಲಿ, ಬ್ರೇಕಿನ ರಬ್ಬರಿಗೆ ಉಜ್ಜುತ್ತಿತ್ತು. ಮೊದಲು ಸೈಕಲ್ ಕೊಂಡಿದ್ದ ಶೋರೂಮಿಗೆ, ಅಲ್ಲಿ ಸರಿಹೋಗದೆ ಮನೆಯ ಹಿಂದಿನ ಗಲ್ಲಿಯ ಚಿಕ್ಕ ಅಂಗಡಿಗೆ ಒಯ್ದೆ.

ಶೋರೂಮಿನಲ್ಲಿ ನನ್ನ ಮಾತು ಮುಗಿಯುವ ಮೊದಲೇ ‘ಫುಲ್ ಸರ್ವೀಸ್’ ಎಂದು ಬರೆದುಕೊಂಡರು. ನಾಲ್ಕು ದಿನಗಳ ಬಳಿಕ ಹೊಸ ಚೈನೂ ಸೇರಿ 1,450 ರೂಪಾಯಿಯ ಬಿಲ್ಲು ಬಂತು. ಚಕ್ರದ ಔಟ್ ತೆಗೆದಿರುವುದಾಗಿ ಚೀಟಿಯಲ್ಲಿ ಗುರುತು ಹಾಕಿದ್ದರೂ ಮನೆ ಮುಟ್ಟುವುದರೊಳಗೆ ರಿಮ್ಮು ಅದೇ ಜಾಗದಲ್ಲಿ ಉಜ್ಜಿತು. ಚೈನಂತೂ ಮೊದಲಿಗಿಂತ ಹೆಚ್ಚು ಹಾರಿತು. ಮರುದಿನ ಹೋಗಿ ಕೇಳಿದಾಗ, “ಹಳೇ ಸೈಕಲ್ ಸಾರ್, ಹೀಗೇ ಇರುತ್ತೆ” ಎಂದರು. ಬಿಚ್ಚಿದ ಚೈನನ್ನಾದರೂ ಕೊಡಿ ಎಂದರೆ ಅದನ್ನು ಎಸೆದಾಗಿತ್ತು. ಎದ್ದು ನಿಂತು ತುಳಿಯುವಾಗ ಚೈನು ಹಾರಿದರೆ ಸವಾರ ಮುಗ್ಗರಿಸಿ ಬೀಳುವ ಅಪಾಯವಿರುವಾಗ, ಕೊಟ್ಟ ಹಣಕ್ಕಿಂತ ಆ ಉತ್ತರವೇ ನನ್ನನ್ನು ಹೆಚ್ಚು ನೋಯಿಸಿತು.

ಗಲ್ಲಿಯ ಅಂಗಡಿಯ ಹಿರಿಯರು ಪೆಡಲನ್ನು ಕೈಯಲ್ಲೇ ತಿರುಗಿಸಿ, ಹಿಂದಿನ ಚಕ್ರದಲ್ಲಿ ಚೈನು ಕೂರುವ ಹಲ್ಲುಗಾಲಿಗಳ ಜೋಡಣೆಯಾದ ಫ್ರೀವೀಲಿನ ಹಲ್ಲುಗಳನ್ನು ಬಟ್ಟೆಯಿಂದ ಒರೆಸಿ ತೋರಿಸಿದರು. “ಚೈನು ಹೊಸದು ಸ್ವಾಮಿ, ಹಲ್ಲು ಸವೆದಿದೆ. ಇವೆರಡೂ ಕಚ್ಚೋದಿಲ್ಲ” ಎಂದವರು, ಸ್ಟೀಲ್ ಸ್ಕೇಲನ್ನು ಚೈನಿನ ಮೇಲಿಟ್ಟು ವಿವರಿಸಿದರು. ಹೊಸ ಚೈನಿನಲ್ಲಿ 24 ಕೊಂಡಿಗಳ ಉದ್ದ ಸರಿಯಾಗಿ 12 ಅಂಗುಲವಿರುತ್ತದೆ. ಸವೆದು ಅದು ಅಂಗುಲದ ಹದಿನಾರನೆಯ ಒಂದು ಭಾಗದಷ್ಟು ಹೆಚ್ಚಿದಾಗಲೇ ಬದಲಿಸಿದರೆ ಫ್ರೀವೀಲು ಸಾಮಾನ್ಯವಾಗಿ ಉಳಿಯುತ್ತದೆ, ಎಂಟನೆಯ ಒಂದು ಭಾಗ ಮುಟ್ಟಿದರೆ ಎರಡನ್ನೂ ಒಟ್ಟಿಗೆ ಬದಲಿಸಬೇಕಾಗುತ್ತದೆ. ಶೋರೂಮಿನವರು ಅಳೆದು ನೋಡಿದ್ದರೆ ಎರಡು ನಿಮಿಷದಲ್ಲಿ ತಿಳಿಯಬಹುದಾಗಿದ್ದ ಸಂಗತಿಯಿದು.

ಚಕ್ರದ ಕೆಲಸವನ್ನು ನಾನು ಪಕ್ಕದಲ್ಲೇ ಕುಳಿತು ನೋಡಿದೆ. ಸೈಕಲ್ಲನ್ನು ತಲೆಕೆಳಗಾಗಿ ನಿಲ್ಲಿಸಿ, 36 ಕಡ್ಡಿಗಳನ್ನೂ ಬೆರಳಿನಿಂದ ಮೀಟಿ, ಸದ್ದು ಮಂದವಾಗಿದ್ದವನ್ನು ಗುರುತಿಸಿದರು. ರಿಮ್ಮು ಎಡಕ್ಕೆ ವಾಲಿದ್ದ ಕಡೆ ಬಲಬದಿಯ ಕಡ್ಡಿಗಳನ್ನು ಕಾಲು ಸುತ್ತಿನಷ್ಟೇ ಬಿಗಿಮಾಡಿ, ಚಕ್ರ ತಿರುಗಿಸಿ ನೋಡಿ, ಮತ್ತೆ ಬಿಗಿಮಾಡುತ್ತಾ ಮುಕ್ಕಾಲು ಗಂಟೆ ಅದಕ್ಕೇ ಕೊಟ್ಟರು. ಹೊಸ ಫ್ರೀವೀಲು, ಕೂಲಿ ಎಲ್ಲ ಸೇರಿ 620 ರೂಪಾಯಿಯಾಯಿತು. ಬಿಚ್ಚಿದ ಫ್ರೀವೀಲನ್ನು ನಾನು ಕೇಳದೆಯೇ ಕಾಗದದಲ್ಲಿ ಸುತ್ತಿ ಕೊಟ್ಟರು. ಅದಾದ ಮೇಲೆ ಮೂರು ಬಾರಿ ಬೆಟ್ಟ ಹತ್ತಿದ್ದೇನೆ. ಒಮ್ಮೆಯೂ ಚೈನು ಹಾರಿಲ್ಲ.

ಶೋರೂಮಿನಲ್ಲಿ ಗೇರುಗಳನ್ನು ಹೊಂದಿಸಿದ್ದು ಅಚ್ಚುಕಟ್ಟಾಗಿತ್ತು ಎಂಬುದನ್ನೂ ಹೇಳಬೇಕು. ಗಲ್ಲಿಯಲ್ಲಿ ಬಿಲ್ಲು ಸಿಗುವುದಿಲ್ಲ. ಹೈಡ್ರಾಲಿಕ್ ಡಿಸ್ಕ್ ಬ್ರೇಕಿನ ಕೆಲಸ ತಮಗೆ ಬಾರದೆಂದು ಆ ಹಿರಿಯರೇ ತಿಳಿಸಿದರು. ಅಂಥ ಬ್ರೇಕಿರುವ ಮಗಳ ಸೈಕಲ್ಲನ್ನು ಮುಂದೆಯೂ ಶೋರೂಮಿಗೇ ಒಯ್ಯಬೇಕಾಗುತ್ತದೆ. ಆಗ ದೋಷವೇನೆಂಬುದನ್ನು ಚೀಟಿಯಲ್ಲಿ ನನ್ನೆದುರಿಗೇ ಬರೆಸಿ, ಬಿಚ್ಚಿದ ಭಾಗಗಳನ್ನು ಹಿಂದಿರುಗಿಸಬೇಕೆಂದು ಮೊದಲೇ ಹೇಳಿಯೇ ಸೈಕಲ್ಲನ್ನು ಬಿಟ್ಟುಬರುತ್ತೇನೆ.