‘ನೀವು ಮುಂದೆ ಹೋಗಿರಿ, ನಾವು ನಿಧಾನಕ್ಕೆ ಬರ್ತೀವಿ’ ಅನ್ನೋ ಮಾತು ಬೆಟ್ಟದಲ್ಲಿ ಬೇಡ

ಮೊದಲೇ ಹೇಳಿಬಿಡುತ್ತೇನೆ, ಯಾರಿಗೂ ಜೀವಕ್ಕೆ ಏನೂ ಆಗಲಿಲ್ಲ. ಏಳು ಜನ ಹೋಗಿದ್ದೆವು, ಏಳೂ ಜನ ವಾಪಸ್ ಬಂದೆವು. ಆದರೆ ಮಧ್ಯಾಹ್ನ ಎರಡರಿಂದ ಸಂಜೆ ಆರರವರೆಗೆ ಯಾರು ಎಲ್ಲಿದ್ದಾರೆ ಅನ್ನೋದು ನಮ್ಮಲ್ಲಿ ಒಬ್ಬರಿಗೂ ಪೂರ್ತಿ ಗೊತ್ತಿರಲಿಲ್ಲ. ಆ ನಾಲ್ಕು ಗಂಟೆ ನೆನೆಸಿಕೊಂಡರೆ ಈಗಲೂ ಹೊಟ್ಟೆ ತೊಳೆಸಿದ ಹಾಗಾಗುತ್ತದೆ. ಮನೆಯವರನ್ನು, ಗೆಳೆಯರನ್ನು ಕಟ್ಟಿಕೊಂಡು ಶಿಖರ ಹತ್ತೋಕೆ ಹೊರಟಿರುವವರು ಇದನ್ನು ಒಮ್ಮೆ ಓದಿಕೊಂಡು ಹೋಗಿ. ಬೆಟ್ಟದ ಹೆಸರು ಹಾಕುತ್ತಿಲ್ಲ. ತಪ್ಪು ಬೆಟ್ಟದ್ದಲ್ಲ, ನಮ್ಮದು. ಅದರಲ್ಲೂ ಜಾಸ್ತಿ ನನ್ನದು.

ಹೋದವರು ನಾನು, ಹೆಂಡತಿ, ಹತ್ತು ವರ್ಷದ ಮಗಳು, ಬಾಮೈದ, 63 ವರ್ಷದ ನಮ್ಮ ಮಾವನವರು, ಜೊತೆಗೆ ನನ್ನ ಗೆಳೆಯ ಮತ್ತು ಅವನ ಹೆಂಡತಿ. ದಾರಿ ಒಂದು ಕಡೆಗೆ 7 ಕಿಲೋಮೀಟರ್, ಏರು 900 ಮೀಟರ್. ಮೊಬೈಲ್ ಆ್ಯಪ್ ಮೂರು ಗಂಟೆ ತೋರಿಸಿತು. ಮೂರು ಹತ್ತೋಕೆ, ಎರಡು ಇಳಿಯೋಕೆ, ಒಂದು ಊಟಕ್ಕೆ ಅಂತ ಲೆಕ್ಕ ಹಾಕಿ ಎಲ್ಲರನ್ನೂ ಒಪ್ಪಿಸಿದವನು ನಾನೇ.

ಆ ಮೂರು ಗಂಟೆ ಎಲ್ಲಿಂದ ಬರುತ್ತದೆ ಅಂತ ಆಮೇಲೆ ತಿಳಿದುಕೊಂಡೆ. ವಿಲಿಯಂ ನೈಸ್ಮಿತ್ ಅನ್ನೋ ಸ್ಕಾಟ್ಲೆಂಡಿನ ಪರ್ವತಾರೋಹಿ 1892ರಲ್ಲೇ ಒಂದು ಲೆಕ್ಕ ಕೊಟ್ಟಿದ್ದಾನೆ. ಸುಮಾರು 5 ಕಿಲೋಮೀಟರಿಗೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ನಮ್ಮ ದಾರಿಗೆ ಹಾಕಿ ನೋಡಿದರೆ ಹತ್ತಿರ ಹತ್ತಿರ ಮೂರು ಗಂಟೆಯೇ ಬರುತ್ತದೆ. ಆದರೆ ಅದು ಗಟ್ಟಿಮುಟ್ಟಾದವರು ಎಲ್ಲೂ ಕೂರದೆ ನಡೆಯುವ ಲೆಕ್ಕ! ಅದರಲ್ಲಿ ಮಗುವಿನ ಶೂ ಲೇಸ್ ಇಲ್ಲ, ಮಾವನವರ ಮಂಡಿ ಇಲ್ಲ, ಬಂಡೆ ಕಂಡಲ್ಲೆಲ್ಲ ಫೋಟೋಗೆ ನಿಲ್ಲುವ ಗೆಳೆಯನೂ ಇಲ್ಲ. ನಮ್ಮಂಥ ಗುಂಪು ಅದನ್ನು ಹೆಚ್ಚು ಕಮ್ಮಿ ಎರಡರಷ್ಟು ಮಾಡಿಕೊಳ್ಳಬೇಕಿತ್ತು.

ಬೆಳಿಗ್ಗೆ ಏಳಕ್ಕೆ ಹತ್ತೋಕೆ ಶುರು ಮಾಡೋದು ಅಂತ ಇತ್ತು. ಶುರುವಾಗಿದ್ದು 9.40ಕ್ಕೆ. ಕಾರಣ ಬೇಡ, ಏಳು ಜನರ ಮನೆ ನಿಮಗೂ ಗೊತ್ತಲ್ಲ. ಹಿಂದಿನ ರಾತ್ರಿ ನಾನೇ ದೊಡ್ಡದಾಗಿ, ‘ಒಂದೂವರೆ ಆದರೆ ಎಲ್ಲಿದ್ದರೂ ವಾಪಸ್’ ಅಂತ ಹೇಳಿದ್ದೆ. ಎಲ್ಲರೂ ತಲೆ ಆಡಿಸಿದ್ದರು.

ಒಂದೂವರೆಗೆ ನಾವು ಒಂದು ದೊಡ್ಡ ಬಂಡೆಯ ಕೆಳಗೆ ಕೂತಿದ್ದೆವು. ಮಾವನವರು ಶೂ ಬಿಚ್ಚಿ ಪಾದ ತಿಕ್ಕಿಕೊಳ್ಳುತ್ತಿದ್ದರು. ಆ್ಯಪ್ ಪ್ರಕಾರ ಇನ್ನೂ ಎರಡು ಕಿಲೋಮೀಟರ್ ಇತ್ತು. ಆದರೆ ಕಣ್ಣಿಗೆ ತುದಿ ಅಲ್ಲೇ ಕಾಣುತ್ತಿತ್ತು, ಕೈ ಚಾಚಿದರೆ ಸಿಗೋ ಹಾಗೆ. ಅದು ತುದಿಯೇ ಅಲ್ಲ, ಅದರ ಹಿಂದೆ ಇನ್ನೊಂದು ದಿಬ್ಬ ಇತ್ತು, ಅದರ ಹಿಂದೆ ನಿಜವಾದ ಶಿಖರ. ಬೆಟ್ಟಗಳು ಹೀಗೆ ಏಮಾರಿಸುತ್ತವೆ. ‘ಇಷ್ಟು ದೂರ ಬಂದು ವಾಪಸ್ ಹೋಗೋದಾ ಭಾವ?’ ಅಂದ ಬಾಮೈದ. ಮಾವನವರಿಗೆ ತಮ್ಮಿಂದ ಎಲ್ಲರಿಗೂ ನಿರಾಸೆ ಆಗುತ್ತಿದೆ ಅಂತ ಸಂಕೋಚ. ‘ನೀವು ಮುಂದೆ ಹೋಗಿರಿ, ನಾವು ನಿಧಾನಕ್ಕೆ ಬರ್ತೀವಿ’ ಅಂದರು. ಎಷ್ಟು ಒಳ್ಳೆ ಮಾತು ಅಲ್ವಾ? ಯಾರ ಮನಸ್ಸಿಗೂ ನೋವಿಲ್ಲ. ನಾನೂ ಹೂಂ ಅಂದುಬಿಟ್ಟೆ.

ಬಾಮೈದ, ಗೆಳೆಯ, ಅವನ ಹೆಂಡತಿ ಎದ್ದರು. ‘ನಾನೂ ಮಾಮನ ಜೊತೆ ಹೋಗ್ತೀನಿ’ ಅಂತ ಮಗಳು ಕುಣಿದಳು. ಕಳಿಸಿದೆವು. ನಾನು, ಹೆಂಡತಿ, ಮಾವನವರು ಹಿಂದೆ ಉಳಿದೆವು.

ಅವರು ತಿರುವಿನಲ್ಲಿ ಮರೆಯಾದಾಗ ಯಾರ ಹತ್ತಿರ ಏನಿದೆ ಅಂತ ಒಬ್ಬರೂ ನೋಡಲಿಲ್ಲ. ಮಗಳ ಮಳೆ ಜಾಕೆಟ್ ನನ್ನ ಬ್ಯಾಗಿನಲ್ಲಿ. ಡೌನ್‌ಲೋಡ್ ಮಾಡಿದ ಮ್ಯಾಪ್ ಬಾಮೈದನ ಫೋನಿನಲ್ಲಿ ಮಾತ್ರ. ಮಾವನವರ ಮಂಡಿಗೆ ಹಾಕೋ ಬೆಲ್ಟು ಗೆಳೆಯನ ಬ್ಯಾಗಿನಲ್ಲಿ, ಕೆಲಸ ಮಾಡುತ್ತಿದ್ದ ಒಂದೇ ಟಾರ್ಚೂ ಅವನದರಲ್ಲೇ. ಮನೆಯಲ್ಲಿ ಸಾಮಾನು ತುಂಬುವಾಗ ಏಳು ಜನಕ್ಕೆ ಒಂದೇ ಸಂಸಾರ ಅಂತ ತುಂಬಿದ್ದೆವು. ಬೆಟ್ಟದ ಮೇಲೆ ಸಂಸಾರ ಪಾಲಾಯಿತು, ಸಾಮಾನು ಪಾಲಾಗಲಿಲ್ಲ.

ಎರಡೂಕಾಲಿನ ಹೊತ್ತಿಗೆ ಮಂಜು ಇಳಿಯಿತು. ಮಂಜು ಅಂದರೆ ಚಂದದ ಫೋಟೋ ಅಂತ ಅಂದುಕೊಂಡಿದ್ದವನು ನಾನು. ಹತ್ತು ನಿಮಿಷದಲ್ಲಿ ಮುಂದಿರುವ ಹೆಂಡತಿಯ ಬ್ಯಾಗಿನ ಬಣ್ಣ ಮಾತ್ರ ಕಾಣುವ ಹಾಗಾಯಿತು. ಅಷ್ಟರಲ್ಲಿ ಒಂದು ಕವಲು ದಾರಿ. ಎಡಕ್ಕೊಂದು, ಬಲಕ್ಕೊಂದು. ಬಲಗಡೆಯದು ಅಗಲವಾಗಿ ಸವೆದಿತ್ತು, ಅದನ್ನೇ ಹಿಡಿದೆವು. ಮಳೆ ಹನಿ ಶುರುವಾಯಿತು. ಇಪ್ಪತ್ತು ನಿಮಿಷ ನಡೆದ ಮೇಲೆ ಹೆಂಡತಿ ನಿಂತಳು. ‘ಕೆಸರಲ್ಲಿ ಒಂದೂ ಹೆಜ್ಜೆ ಗುರುತಿಲ್ಲ ಕಣ್ರೀ’ ಅಂದಳು.

ವಾಪಸ್ ಕವಲಿಗೆ ಬಂದೆವು. ಎಡಗಡೆ ದಾರಿಯಲ್ಲಿ ಬಗ್ಗಿ ನೋಡಿದೆ. ಮಗಳ ಶೂ ಅಡಿಯಲ್ಲಿ ಸಣ್ಣ ಸಣ್ಣ ನಕ್ಷತ್ರಗಳಿವೆ. ಮೆತ್ತನೆ ಮಣ್ಣಿನಲ್ಲಿ ಒಂದೇ ಒಂದು ಹೆಜ್ಜೆ, ಅರ್ಧ ನೀರು ತುಂಬಿಕೊಂಡಿತ್ತು, ಹಿಮ್ಮಡಿ ಕಡೆ ಮೂರು ನಕ್ಷತ್ರ ಕಾಣುತ್ತಿತ್ತು. ಆ ಗುರುತು ನೋಡಿದಾಗಲೇ ನನಗೆ ಜಾಕೆಟ್ಟಿನ ನೆನಪು ಬಂದದ್ದು. ಮೇಲೆ ಅವಳು ಹತ್ತಿ ಟೀ ಶರ್ಟಿನಲ್ಲಿ ಇದ್ದಾಳೆ.

ಸಾವಿರ ಮೀಟರ್ ಮೇಲೆ ಹೋದರೆ ಸರಾಸರಿ 6.5 ಡಿಗ್ರಿ ತಂಪಾಗುತ್ತದೆ. ಅಂದರೆ ಕೆಳಗೆ ಕಾರಿನ ಹತ್ತಿರ ಹಿತವಾಗಿದ್ದ ಗಾಳಿ ತುದಿಯಲ್ಲಿ ಆರು ಡಿಗ್ರಿ ಕಮ್ಮಿ, ಮೇಲೆ ಬೀಸುವ ಗಾಳಿ ಬೇರೆ. ಹತ್ತಿ ಬಟ್ಟೆ ಒದ್ದೆಯಾದರೆ ಮೈ ಬೆಚ್ಚಗಿಡೋದಿಲ್ಲ, ಮೈಯ ಶಾಖವನ್ನೇ ಎಳೆಯುತ್ತದೆ. ಇದಕ್ಕೆ ಹಿಮ ಬೀಳಬೇಕಾಗಿಲ್ಲ. ಮಳೆ, ಗಾಳಿ, ಒದ್ದೆ ಬಟ್ಟೆ, ಸುಸ್ತು, ಇಷ್ಟೇ ಸಾಕು. ಮಕ್ಕಳ ಮೈ ದೊಡ್ಡವರಿಗಿಂತ ಬೇಗ ತಣ್ಣಗಾಗುತ್ತದೆ.

ಆಗ ನಾನು ಮಾಡಿದ್ದು ಇನ್ನೂ ದೊಡ್ಡ ದಡ್ಡತನ. ‘ನೀವಿಬ್ಬರೂ ಇಲ್ಲೇ ಇರಿ, ನಾನು ಹೋಗಿ ಕರಕೊಂಡು ಬರ್ತೀನಿ’ ಅಂದು ಒಬ್ಬನೇ ಎಡಗಡೆ ದಾರಿಯಲ್ಲಿ ಓಡಿದೆ. ಎರಡು ಗುಂಪು ಆಗಿದ್ದದ್ದು ಈಗ ಮೂರಾಯಿತು. ಅಪ್ಪನಾದವನು ಬೇರೇನು ಮಾಡುತ್ತಿದ್ದ ಅಂತ ನೀವು ಕೇಳಬಹುದು. ನನ್ನ ಹತ್ತಿರವೂ ಉತ್ತರ ಇಲ್ಲ. ಒಂದೂವರೆಗೆ ಬಂಡೆ ಕೆಳಗೆ ಎದ್ದು ವಾಪಸ್ ಇಳಿದಿದ್ದರೆ ಆ ಪ್ರಶ್ನೆಯೇ ಬರುತ್ತಿರಲಿಲ್ಲ ಅನ್ನೋದು ಮಾತ್ರ ಗೊತ್ತು.

ಅವರು ಇಳಿದು ಬರುತ್ತಿರುವಾಗ ದಾರಿಯಲ್ಲೇ ಸಿಕ್ಕರು, ಆಗ ಸುಮಾರು 3.50. ಮೂರಕ್ಕೆ ಮುಂಚೆಯೇ ತುದಿ ಮುಟ್ಟಿದ್ದರಂತೆ. ಇಳಿದುಬಿಡಬಹುದಿತ್ತು. ಆದರೆ ಗ್ರೂಪ್ ಫೋಟೋ ಎಲ್ಲರೂ ಸೇರಿದ ಮೇಲೆ ಅಂತ ಗಾಳಿಯಲ್ಲಿ, ಮಳೆಯಲ್ಲಿ ನಮಗೋಸ್ಕರ ಮೂವತ್ತೈದು ನಿಮಿಷ ಕಾದಿದ್ದಾರೆ. ನಾವು ಬರ್ತೀವಿ ಅಂದಿದ್ದೆವಲ್ಲ! ಗೆಳೆಯನ ಹೆಂಡತಿ ತನ್ನ ಜಾಕೆಟ್ ಬಿಚ್ಚಿ ಮಗಳಿಗೆ ಹೊದಿಸಿದ್ದರು, ಅವರೇ ನಡುಗುತ್ತಿದ್ದರು.

ಮಗಳು ನನ್ನನ್ನು ನೋಡಿ ಅಳಲಿಲ್ಲ. ಅದೇ ನನಗೆ ಭಯ ಆಗಿದ್ದು. ಏನು ಕೇಳಿದರೂ ‘ಹೂಂ’. ಜಾಕೆಟ್ ಕೊಟ್ಟೆ, ತೋಳು ಹಾಕಿಕೊಂಡಳು. ಜಿಪ್ ಎಳೆಯೋಕೆ ಬೆರಳು ಕೂಡುತ್ತಿರಲಿಲ್ಲ. ಹಿಡಿಯುತ್ತಾಳೆ, ಜಾರುತ್ತದೆ, ಹಿಡಿಯುತ್ತಾಳೆ, ಜಾರುತ್ತದೆ. ನಾಲ್ಕನೇ ಸಲ ಜಿಪ್ಪನ್ನೇ ಸುಮ್ನೆ ನೋಡುತ್ತಾ ನಿಂತಳು. ಇದನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ. ಚಳಿ ಒಳಗೆ ಇಳಿಯುತ್ತಿದೆ ಅಂತ ಹೇಳೋದು ಬರೀ ನಡುಕ ಅಲ್ಲ. ಬೆರಳು ಮಾತು ಕೇಳದಿರೋದು, ಕಾಲು ತಡವರಿಸೋದು, ಮಾತು ತೊದಲೋದು, ಇದ್ದಕ್ಕಿದ್ದ ಹಾಗೆ ಮಂಕಾಗೋದು ಅಥವಾ ಸಿಡುಕೋದು. ನಡುಗುತ್ತಿದ್ದವರು ಬೆಚ್ಚಗಾಗದೆಯೇ ನಡುಕ ನಿಲ್ಲಿಸಿದರೆ ಅದು ಇನ್ನೂ ಕೆಟ್ಟ ಲಕ್ಷಣ. ಒದ್ದೆ ಶರ್ಟ್ ತೆಗೆಸಿ ನನ್ನ ಒಣಗಿದ್ದ ಬನಿಯನ್ ಹಾಕಿದೆವು, ಮೇಲೆ ಸ್ವೆಟರ್, ಅದರ ಮೇಲೆ ಮಳೆ ಜಾಕೆಟ್, ತಲೆಗೆ ಟೋಪಿ. ಒಂದು ಪ್ಯಾಕೆಟ್ ಸಿಹಿ ಬಿಸ್ಕತ್ತು ಒಂದೊಂದಾಗಿ ಬಾಯಿಗಿಟ್ಟೆವು. ಕಾಲು ಗಂಟೆ ಆದ ಮೇಲೆ ‘ನೀನು ಯಾಕೆ ಬರಲಿಲ್ಲ?’ ಅಂತ ಬೈದಳು. ಬೈಗುಳ ಅಷ್ಟು ಹಿತವಾಗಿದ್ದದ್ದು ಜೀವನದಲ್ಲಿ ಅದೇ ಮೊದಲು.

ನಾಲ್ಕೂವರೆಗೆ ಕವಲಿಗೆ ಇಳಿದೆವು. ಹೆಂಡತಿ ಇಲ್ಲ. ಮಾವನವರೂ ಇಲ್ಲ.

ಕೂಗಿದೆವು. ಮಂಜಿನಲ್ಲಿ ಕೂಗು ಎಲ್ಲಿಗೆ ಹೋಗುತ್ತದೋ ಗೊತ್ತಾಗೋದಿಲ್ಲ. ನನ್ನ ಫೋನಿನಲ್ಲಿ 11 ಪರ್ಸೆಂಟ್ ಚಾರ್ಜ್, ನೆಟ್‌ವರ್ಕ್ ಸೊನ್ನೆ. ಚಳಿಗೆ ಬ್ಯಾಟರಿ ಬೇಗ ಇಳಿಯುತ್ತದೆ, ಅದರ ಮೇಲೆ ಸಿಗ್ನಲ್ ಹುಡುಕಿ ಹುಡುಕಿ ಫೋನೇ ಚಾರ್ಜ್ ತಿಂದುಕೊಳ್ಳುತ್ತದೆ. ಬೆಳಿಗ್ಗೆಯೇ ಫ್ಲೈಟ್ ಮೋಡ್‌ಗೆ ಹಾಕಿ ಒಳಜೇಬಿನಲ್ಲಿ ಇಟ್ಟುಕೊಳ್ಳಬೇಕಿತ್ತು. ಅವರು ಬಲಕ್ಕೆ ಹೋದರಾ, ಕೆಳಗೆ ಇಳಿದರಾ, ನಮ್ಮನ್ನು ಹುಡುಕಿಕೊಂಡು ಮೇಲೆ ಬಂದು ಮಂಜಿನಲ್ಲಿ ದಾಟಿಹೋದರಾ? ಈ ಸಲ ಯಾರನ್ನೂ ಎಲ್ಲಿಗೂ ಕಳಿಸಲಿಲ್ಲ. ಐದೂ ಜನ ಒಟ್ಟಿಗೆ ನಿಧಾನವಾಗಿ ಕೆಳಗೆ ಹೊರಟೆವು.

ಸ್ವಲ್ಪ ಕೆಳಗೆ ಇಬ್ಬರು ಚಾರಣಿಗರು ಸಿಕ್ಕರು. ಯಾರನ್ನೂ ನೋಡಿಲ್ಲ ಅಂದರು. ಅವರಲ್ಲೊಬ್ಬರು ನನ್ನ ಎದೆ ಕಡೆ ಬೆರಳು ತೋರಿಸಿ, ‘ವಿಷಲ್ ಊದಿದ್ರಾ ಸರ್?’ ಅಂತ ಕೇಳಿದರು. ನಾನು ಬಗ್ಗಿ ನೋಡಿಕೊಂಡೆ. ಬ್ಯಾಗಿನ ಪಟ್ಟಿ ಎದೆ ಮುಂದೆ ಕೂಡಿಸೋ ಪ್ಲಾಸ್ಟಿಕ್ ಕ್ಲಿಪ್ ಇದೆಯಲ್ಲ, ಅದರ ತುದಿಯಲ್ಲೇ ಸಣ್ಣ ವಿಷಲ್! ಎಷ್ಟೋ ಚಾರಣದ ಬ್ಯಾಗುಗಳಲ್ಲಿ ಇರುತ್ತದಂತೆ. ಎರಡು ವರ್ಷದಿಂದ ಆ ಬ್ಯಾಗು ನನ್ನದು, ಬೆಳಿಗ್ಗೆಯಿಂದ ಅದು ನನ್ನ ಎದೆ ಮೇಲೇ ಇತ್ತು. ಒಂದು ನಿಮಿಷದಲ್ಲಿ ಆರು ಸಲ ಊದಬೇಕು, ಒಂದು ನಿಮಿಷ ಬಿಡಬೇಕು, ಮತ್ತೆ ಆರು. ಕೇಳಿಸಿಕೊಂಡವರು ನಿಮಿಷಕ್ಕೆ ಮೂರು ಸಲ ಊದಿ ಉತ್ತರ ಕೊಡಬೇಕು. ಆಲ್ಪ್ಸ್ ಕಡೆಯಿಂದ ಬಂದ ಪದ್ಧತಿ ಇದು. ಊದಿದೆವು. ಉತ್ತರ ಬರಲಿಲ್ಲ. ನಡೆದೆವು, ನಿಂತೆವು, ಊದಿದೆವು.

ಆರು ಗಂಟೆ ಹೊತ್ತಿಗೆ ಒಂದು ಸಣ್ಣ ಹಳ್ಳದ ಪಕ್ಕ ಇಬ್ಬರೂ ಕೂತಿದ್ದರು. ಕವಲಿನಲ್ಲಿ ಮಾವನವರಿಗೆ ಚಳಿ ಹತ್ತಿ, ಕೂತಿದ್ದರೆ ಜಾಸ್ತಿ ಆಗುತ್ತದೆ ಅಂತ ಇಳಿಯೋಕೆ ಶುರು ಮಾಡಿದ್ದಾರೆ. ಇಳಿಜಾರಿನಲ್ಲಿ ಜಾರಿ ಮಂಡಿ ತಿರುಚಿದೆ. ವಿಷಲ್ ಕೇಳಿಸಲಿಲ್ಲವಾ ಅಂದರೆ, ‘ಕೇಳಿಸ್ತು ಕಣಪ್ಪ, ಯಾವುದೋ ಹಕ್ಕಿ ಅಂದುಕೊಂಡೆ’ ಅಂದರು. ಹೆಂಡತಿ ನಗಲಿಲ್ಲ. ಮಗಳನ್ನು ತಬ್ಬಿಕೊಂಡು ನನ್ನ ಕಡೆ ನೋಡಿದಳು. ಅದನ್ನು ಇಲ್ಲಿ ಬರೆಯೋಕೆ ಆಗೋದಿಲ್ಲ.

ಉಳಿದ ದಾರಿಗೆ ಮೂರು ಗಂಟೆ ಹಿಡಿಯಿತು. ಏಳು ಜನಕ್ಕೆ ಒಂದು ಟಾರ್ಚು. ಇನ್ನೊಂದು ತಲೆಗೆ ಕಟ್ಟೋ ಟಾರ್ಚು ಇತ್ತು, ಅದರ ಬ್ಯಾಟರಿ ಸತ್ತಿತ್ತು, ಮನೆಯಲ್ಲಿ ಯಾರೂ ಹೊತ್ತಿಸಿ ನೋಡಿರಲಿಲ್ಲ. ಇಳಿಯೋದು ಸುಲಭ ಅಂತ ಯಾರು ಹೇಳಿದರೋ! ಹತ್ತುವಾಗ ಉಸಿರು ಹೋಗುತ್ತದೆ, ಕೂತರೆ ವಾಪಸ್ ಬರುತ್ತದೆ. ಇಳಿಯುವಾಗ ಮೈ ಭಾರವೆಲ್ಲ ಮಂಡಿ ಮೇಲೆ. ಸೋತ ತೊಡೆ, ಒದ್ದೆ ಕಲ್ಲು, ಕತ್ತಲು ಮೂರೂ ಸೇರಿರುತ್ತವೆ. ಕಾರು ಮುಟ್ಟಿದಾಗ ಒಂಬತ್ತು ದಾಟಿತ್ತು. ನಾವು ಎಲ್ಲಿಗೆ ಹೋಗಿದ್ದೇವೆ, ಎಷ್ಟು ಹೊತ್ತಿಗೆ ಬರುತ್ತೇವೆ ಅಂತ ಕೆಳಗೆ ಯಾರಿಗೂ ಹೇಳಿರಲಿಲ್ಲ. ನಾವು ಬರದೇ ಇದ್ದಿದ್ದರೆ ಆ ರಾತ್ರಿ ಹುಡುಕೋಕೆ ಯಾರೂ ಹೊರಡುತ್ತಿರಲಿಲ್ಲ.

ಆಮೇಲೆ ಗೆಳೆಯ ಒಂದು ಮಾತು ಹೇಳಿದ. ‘ನೀನು ಒಂದೂವರೆ ಅಂದಿದ್ದು ಸುಮ್ನೆ ಮಾತಿಗೆ ಅಂದುಕೊಂಡಿದ್ದೆ ಕಣೋ.’ ಸರಿ ಇದೆ, ನಾನೂ ಹಾಗೇ ಅಂದುಕೊಂಡಿದ್ದೆ ಅಂತ ಕಾಣುತ್ತದೆ. ಎವರೆಸ್ಟ್‌ನಲ್ಲೂ ಮಧ್ಯಾಹ್ನ 1, 2 ಗಂಟೆ ಅಂತ ವಾಪಸ್ ತಿರುಗೋ ಹೊತ್ತು ಇಟ್ಟುಕೊಳ್ಳುತ್ತಾರೆ. 1996ರ ಮೇ 10ರಂದು ಹಲವರು ಎರಡು ದಾಟಿದ ಮೇಲೂ ಹತ್ತುತ್ತಲೇ ಇದ್ದರು, ಇಳಿಯುವಾಗ ಬಿರುಗಾಳಿಗೆ ಸಿಕ್ಕಿದರು, ಆ ಬಿರುಗಾಳಿಯಲ್ಲಿ ಎಂಟು ಜನ ಸತ್ತರು. ಅಂಥ ಪಳಗಿದವರಿಗೇ ತುದಿ ಕಣ್ಣೆದುರು ಇರುವಾಗ ಗಡಿಯಾರ ಕಾಣೋದಿಲ್ಲ ಅಂದಮೇಲೆ, ವರ್ಷಕ್ಕೊಮ್ಮೆ ಶೂ ಕಟ್ಟೋ ನಾವು ಯಾವ ಲೆಕ್ಕ? ಆದ್ದರಿಂದ ಆ ಹೊತ್ತನ್ನು ಗುಂಪಿನ ಲೀಡರ್ ಕೈಯಲ್ಲಿ ಬಿಡಬೇಡಿ. ನಮ್ಮಲ್ಲಿ ಈಗ ಅದು ಹೆಂಡತಿಯ ಕೈಯಲ್ಲಿದೆ. ಅವಳು ಫೋನಿನಲ್ಲಿ ಅಲಾರಂ ಇಡುತ್ತಾಳೆ, ಅದು ಹೊಡೆದರೆ ಚರ್ಚೆ ಇಲ್ಲ, ಎಲ್ಲರೂ ಇಳಿಯೋದೇ. ಎಲ್ಲರಿಗಿಂತ ನಿಧಾನ ಇರುವವರೇ ಮುಂದೆ ನಡೆಯುತ್ತಾರೆ. ಅವರನ್ನು ದಾಟಿ ಹೋಗೋ ಹಾಗಿಲ್ಲ. ಬೋರ್ ಹೊಡೆಯುತ್ತದೆ, ನಿಜ. ಕವಲು ಬಂದರೆ ಏಳು ತಲೆ ಎಣಿಸೋವರೆಗೆ ಯಾರೂ ಕಾಲು ಎತ್ತೋದಿಲ್ಲ. ಪ್ರತಿಯೊಬ್ಬರ ಜಾಕೆಟ್, ನೀರು, ಟಾರ್ಚು, ವಿಷಲ್ ಅವರವರ ಬೆನ್ನ ಮೇಲೆ, ಮಗಳದ್ದು ಮಗಳ ಬೆನ್ನ ಮೇಲೇ. ಮ್ಯಾಪ್ ಕನಿಷ್ಠ ಮೂರು ಫೋನಿನಲ್ಲಿ. ಯಾರಾದರೂ ಒಬ್ಬರಿಗೆ ಆಗಲ್ಲ ಅಂದರೆ ಆವತ್ತಿನ ತುದಿ ಅಲ್ಲೇ.

ಮಾವನವರ ಮಂಡಿ ಸರಿ ಹೋಗೋಕೆ ಮೂರು ವಾರ ಬೇಕಾಯಿತು. ತುದಿಯಲ್ಲಿ ತೆಗೆದ ಫೋಟೋ ಮೊನ್ನೆ ಬಾಮೈದ ಕಳಿಸಿದ. ನಾಲ್ಕು ಜನ ನಿಂತಿದ್ದಾರೆ, ಹಿಂದೆ ಪೂರ್ತಿ ಬಿಳಿ, ಬೆಟ್ಟ ಇಲ್ಲ, ಆಕಾಶ ಇಲ್ಲ, ಏನೂ ಇಲ್ಲ. ನಡುವೆ ಮಗಳು ಎರಡೂ ಕೈ ಕಂಕುಳಲ್ಲಿ ಸಿಕ್ಕಿಸಿಕೊಂಡು ಹಲ್ಲು ಕಚ್ಚಿಕೊಂಡಿದ್ದಾಳೆ. ‘ಫ್ರೇಮ್ ಹಾಕಿಸೋಣ್ವಾ ಅಕ್ಕ?’ ಅಂತ ಕೆಳಗೆ ಬರೆದಿದ್ದ. ಅಕ್ಕ ಇನ್ನೂ ಉತ್ತರ ಕೊಟ್ಟಿಲ್ಲ.